ನಿಮ್ಮ ಜೈನಧರ್ಮದ ಲೇಖನ: ಏನು ತಿದ್ದಬೇಕು, ಏಕೆ

ಮಾನ್ಯರೇ,

‘ಜೈನಧರ್ಮ: ಹುಟ್ಟು, ತತ್ತ್ವ, ಬೆಳವಣಿಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಭಾಷೆ ತಿಳಿಯಾಗಿದೆ, ಓದಿನ ಶ್ರಮವೂ ಕಾಣುತ್ತದೆ. ಪಂಚವ್ರತ (ಅಹಿಂಸೆ ಮೊದಲಾದ ಐದು ವ್ರತ), ರತ್ನತ್ರಯ (ಸರಿಯಾದ ನಂಬಿಕೆ, ಅರಿವು, ನಡತೆ), ಸ್ಯಾದ್ವಾದ (ಒಂದೇ ವಸ್ತುವನ್ನು ಹಲವು ದೃಷ್ಟಿಯಿಂದ ನೋಡುವ ವಾದ), ಸಲ್ಲೇಖನ (ಹಂತಹಂತವಾಗಿ ಆಹಾರ ಬಿಟ್ಟು ದೇಹ ತ್ಯಜಿಸುವ ವ್ರತ) ಎಲ್ಲವೂ ಬಂದಿವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ನಂಟು ಮಾತ್ರ ಬಂದಿಲ್ಲ. ಹಾಗಾಗಿ ಪರೀಕ್ಷೆಯ ಟಿಪ್ಪಣಿ ಓದಿದಂತಾಗುತ್ತದೆ.

ಆ ನಂಟು ಕರ್ಮ. ‘ಎಲ್ಲ ಅವರವರ ಕರ್ಮ’ ಎಂದು ದಿನನಿತ್ಯ ಆಡುವ ಮಾತಿನ ಅರ್ಥದಲ್ಲೇ, ಹಣೆಬರಹವೆಂಬಂತೆ, ನೀವು ಆ ಪದ ಬಳಸಿದ್ದೀರಿ. ಲೇಖನ ದಾರಿ ತಪ್ಪಿದ್ದು ಅಲ್ಲಿಯೇ. ಜೈನರಿಗೆ ಕರ್ಮವೆಂದರೆ ಪುದ್ಗಲ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜಡದ್ರವ್ಯ. ಮನಸ್ಸು, ಮಾತು, ಮೈ ಅಲುಗಿದಾಗ ಅದು ಜೀವದತ್ತ ಹರಿದು ಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳಿದ್ದರೆ, ಎಣ್ಣೆ ಹಚ್ಚಿದ ಮೈಗೆ ಧೂಳು ಮೆತ್ತಿದ ಹಾಗೆ ಅಂಟಿ ಕೂರುತ್ತದೆ. ಏಳು ತತ್ತ್ವಗಳ ಹೆಸರು ಹೇಳಿ ಮುಂದೆ ಹೋಗಿದ್ದೀರಲ್ಲ, ಅಲ್ಲಿ ನಿಂತು ದೋಣಿಯ ಹಳೆಯ ಹೋಲಿಕೆಯನ್ನು ಬಿಡಿಸಿ ಬರೆಯಿರಿ. ದೋಣಿ ಅಜೀವ, ಅಂದರೆ ಜಡ; ಅದರಲ್ಲಿ ಕೂತವನು ಜೀವ. ತೂತಿನಿಂದ ನೀರು ಒಳನುಗ್ಗುವುದು ಆಸ್ರವ, ಒಳಗೆ ತುಂಬಿ ನಿಲ್ಲುವುದು ಬಂಧ, ತೂತು ಮುಚ್ಚುವುದು ಸಂವರ, ನಿಂತ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ, ದಡ ಸೇರುವುದು ಮೋಕ್ಷ. ಇಷ್ಟು ಬಂದರೆ ವ್ರತ ತೂತು ಮುಚ್ಚುವ ಕೆಲಸ, ತಪಸ್ಸು ನೀರು ಮೊಗೆಯುವ ಕೆಲಸ ಎಂಬುದು ಓದುಗರಿಗೆ ತಾನಾಗಿ ಹೊಳೆಯುತ್ತದೆ.

ದಿಗಂಬರ ಮುನಿಗಳು ನವಿಲುಗರಿಯ ಪಿಂಛಿಯಿಂದ ನೆಲ ಸವರಿ ಕೂರುವುದನ್ನು, ದಿನಕ್ಕೊಮ್ಮೆ ನಿಂತುಕೊಂಡು ಬೊಗಸೆಯಲ್ಲೇ ಆಹಾರ ಸ್ವೀಕರಿಸುವುದನ್ನು, ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುವುದನ್ನು ‘ವಿಚಿತ್ರ ಆಚರಣೆಗಳು’ ಎಂದಿದ್ದೀರಿ. ದಯವಿಟ್ಟು ಆ ಪದ ತೆಗೆದುಹಾಕಿ. ಮಳೆ ಬಿದ್ದ ನೆಲದ ತುಂಬ ಹುಳುಹುಪ್ಪಟೆ, ಮೊಳಕೆ. ನಡೆದಷ್ಟೂ ಹಿಂಸೆ. ಕಾರಣ ಹೇಳಿದರೆ ವಿಚಿತ್ರವೆನ್ನುವುದು ಉಳಿಯುವುದಿಲ್ಲ.

ಸಲ್ಲೇಖನವನ್ನು ‘ಉಪವಾಸದಿಂದ ಪ್ರಾಣ ಬಿಡುವುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಕಾನೂನುಬಾಹಿರವೆಂದು ಸಾರಿ, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟ ಮೇಲೆ, ಇಷ್ಟು ಅವಸರದ ಸಾಲು ಯಾರಿಗೂ ನ್ಯಾಯ ಒದಗಿಸುವುದಿಲ್ಲ. ದಿಗಂಬರ ಆಚಾರ್ಯ ಸಮಂತಭದ್ರರು ಗೃಹಸ್ಥರ ಆಚಾರದ ಬಗ್ಗೆ ಬರೆದ ರತ್ನಕರಂಡಕ ಶ್ರಾವಕಾಚಾರ ನಾಲ್ಕೇ ಸಂದರ್ಭ ಹೇಳುತ್ತದೆ: ಪರಿಹಾರವಿಲ್ಲದ ಉಪಸರ್ಗ (ಆಪತ್ತು), ಕ್ಷಾಮ, ಮುಪ್ಪು, ರೋಗ. ಕ್ರಮವೂ ಅಲ್ಲಿದೆ. ಮೊದಲು ಘನ ಆಹಾರವನ್ನು ಹಂತಹಂತವಾಗಿ ಇಳಿಸಿ ಹಾಲಿನಂಥ ಸ್ನಿಗ್ಧಪಾನ, ಆಮೇಲೆ ಅದನ್ನೂ ಬಿಟ್ಟು ಗಂಜಿತಿಳಿ, ಬಿಸಿನೀರಿನಂಥ ಖರಪಾನ, ಕೊನೆಗೆ ಶಕ್ತಿಯಿದ್ದಷ್ಟು ಉಪವಾಸ, ಪಂಚನಮಸ್ಕಾರ ಮಂತ್ರದ ಸ್ಮರಣೆ. ಬೇಗ ಸಾಯಬೇಕೆಂಬ ಆಸೆಯನ್ನೂ ಇನ್ನಷ್ಟು ಬದುಕಬೇಕೆಂಬ ಆಸೆಯನ್ನೂ ಆ ಗ್ರಂಥ ಒಂದೇ ಸಾಲಿನಲ್ಲಿಟ್ಟು ಅತಿಚಾರ, ಅಂದರೆ ದೋಷ, ಎನ್ನುತ್ತದೆ. ಏಕೆಂದರೆ ಎರಡೂ ಹೊಸ ಕರ್ಮ ಅಂಟಿಸುತ್ತವೆ. ದೋಣಿಯ ಮಾತು ಇಲ್ಲಿ ಮತ್ತೆ ನೆರವಿಗೆ ಬರುತ್ತದೆ.

ಇನ್ನು ನೇರ ತಪ್ಪುಗಳು. ಬಾಹುಬಲಿ ತೀರ್ಥಂಕರರಲ್ಲ. ಮೊದಲ ತೀರ್ಥಂಕರ ವೃಷಭನಾಥರ ಮಗ, 24 ತೀರ್ಥಂಕರರ ಲೆಕ್ಕಕ್ಕೆ ಸೇರುವವರಲ್ಲ. ‘ಸ್ಯಾತ್’ ಎಂದರೆ ‘ಬಹುಶಃ’ ಅಲ್ಲ, ‘ಒಂದು ದೃಷ್ಟಿಯಿಂದ’. ಮಣ್ಣಾಗಿ ನೋಡಿದರೆ ಗಡಿಗೆ ನಿನ್ನೆಯೂ ಇತ್ತು, ಗಡಿಗೆಯಾಗಿ ನೋಡಿದರೆ ಇರಲಿಲ್ಲ. ಎರಡೂ ಖಚಿತವಾದ ಮಾತೇ. ‘ಮಹಾವೀರರು ಜೈನಧರ್ಮ ಸ್ಥಾಪಿಸಿದರು’ ಎಂಬ ಮೊದಲ ವಾಕ್ಯವೂ ಹೋಗಬೇಕು. ಅವರಿಗಿಂತ ಹಿಂದೆ 23ನೆಯ ತೀರ್ಥಂಕರ ಪಾರ್ಶ್ವನಾಥರ ಚಾತುರ್ಯಾಮ, ಅಂದರೆ ನಾಲ್ಕು ವ್ರತಗಳ, ಧರ್ಮವಿತ್ತು. ಶ್ವೇತಾಂಬರ ಆಗಮಗಳ ಪ್ರಕಾರ ಮಹಾವೀರರ ತಂದೆತಾಯಿ ಪಾರ್ಶ್ವರ ಅನುಯಾಯಿಗಳು. ಬ್ರಹ್ಮಚರ್ಯವನ್ನು ಬೇರೆ ವ್ರತವಾಗಿ ಎಣಿಸಿದ್ದರಿಂದ ನಾಲ್ಕು ಐದಾಯಿತು. ಮಹಾವೀರರ ಕಾಲ ಕ್ರಿ.ಪೂ. 599–527 ಎಂಬುದು ಸಂಪ್ರದಾಯದ ಲೆಕ್ಕ, ಹಲವು ವಿದ್ವಾಂಸರು ಅದನ್ನು ಸುಮಾರು ಒಂದು ಶತಮಾನ ಈಚೆಗೆ ತರುತ್ತಾರೆ. ಎರಡನ್ನೂ ಕೊಡಿ.

ಚಂದ್ರಗುಪ್ತ ಮೌರ್ಯ ಶ್ರವಣಬೆಳಗೊಳಕ್ಕೆ ಬಂದದ್ದನ್ನು ‘ಶಾಸನಗಳೇ ಸಾರುತ್ತವೆ’ ಎಂದಿದ್ದೀರಿ. ಶಾಸನ ಅಷ್ಟು ಹೇಳುವುದಿಲ್ಲ. ಚಿಕ್ಕಬೆಟ್ಟದಲ್ಲಿರುವ, ಕ್ರಿ.ಶ. 600ರ ಸುಮಾರಿನ ಶಾಸನದಲ್ಲಿ ಚಂದ್ರಗುಪ್ತನ ಗುರುವೆಂದು ಪರಂಪರೆ ಹೇಳುವ ಭದ್ರಬಾಹು ಉಜ್ಜಯಿನಿಯಲ್ಲಿ 12 ವರ್ಷದ ಕ್ಷಾಮ ಮುಂಗಂಡದ್ದು, ಸಂಘ ದಕ್ಷಿಣಕ್ಕೆ ಹೊರಟದ್ದು, ಪ್ರಭಾಚಂದ್ರರೆಂಬ ಆಚಾರ್ಯರ ಹೆಸರು ಇವೆ. 7ನೆಯ ಶತಮಾನದ ಇನ್ನೊಂದು ಶಾಸನ ಭದ್ರಬಾಹು, ಚಂದ್ರಗುಪ್ತ ಮುನೀಂದ್ರರ ಜೋಡಿಯನ್ನು ನೆನೆಯುತ್ತದೆ, ಆದರೆ ಮೌರ್ಯ ಎನ್ನುವುದಿಲ್ಲ. ಮೌರ್ಯರ ಕಾಲಕ್ಕೂ ಈ ಕಲ್ಲುಗಳಿಗೂ ಒಂಬತ್ತು ಶತಮಾನದಷ್ಟು ಅಂತರ. ‘ಪರಂಪರೆ ನಂಬುತ್ತದೆ’ ಎಂದು ಬರೆದರೆ ಸಾಕು.

ಬೆಳವಣಿಗೆಯ ಭಾಗದಲ್ಲಿ ದಿಗಂಬರ, ಶ್ವೇತಾಂಬರ ಎಂದು ಎರಡೇ ಕವಲು ಕಾಣಿಸಿದ್ದೀರಿ. ಕನ್ನಡದಲ್ಲಿ ಬರೆಯುವವರು ಯಾಪನೀಯರನ್ನು ಬಿಡಬಾರದು. ಅವರ ಮುನಿಗಳು ದಿಗಂಬರರಂತೆ ನಗ್ನರು, ಸ್ತ್ರೀಗೂ ಮೋಕ್ಷ ಉಂಟೆಂಬ ವಿಷಯದಲ್ಲಿ ಶ್ವೇತಾಂಬರರ ಜೊತೆ. ಕದಂಬ ಮೃಗೇಶವರ್ಮನ ಹಲಸಿ ತಾಮ್ರಪಟದಲ್ಲಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಮೂವರಿಗೂ ದಾನವಿದೆ. ಒಂದೇ ತಗಡಿನಲ್ಲಿ ಮೂರು ಪಂಥ! ಇದಕ್ಕೊಂದು ಪ್ಯಾರಾ ಕೊಡಿ. ಜಾಗ ಬೇಕಾದರೆ ಆಶ್ರಯದಾತ ರಾಜರ ಎರಡು ಪುಟದ ಪಟ್ಟಿಯನ್ನು ನಾಲ್ಕು ಸಾಲಿಗೆ ಇಳಿಸಿ.

‘ಕಾಲಕ್ರಮೇಣ ಅವನತಿ ಹೊಂದಿತು’ ಎಂಬ ಕೊನೆಯ ವಾಕ್ಯದ ಜಾಗದಲ್ಲಿ ವಿಜಯನಗರದ ಬುಕ್ಕರಾಯನ 1368ರ ಬೆಳಗೊಳದ ಶಾಸನವನ್ನು ತನ್ನಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಪಂಚಮಹಾವಾದ್ಯ ಮತ್ತು ಕಲಶದ ಗೌರವ ಜೈನರಿಗೂ ಸಲ್ಲಬೇಕೆಂದ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ (ಆಗಿನ ಒಂದು ನಾಣ್ಯ) ಎತ್ತಿ, ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ, ಅವನೂ ಶ್ರೀವೈಷ್ಣವನೇ. ರಾಜಾಶ್ರಯ ಕುಗ್ಗಿದ ಕಾಲದಲ್ಲಿ ಬಸದಿಗಳು ಹೇಗೆ ಉಳಿದವು ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ತಿದ್ದಿದ ಪ್ರತಿ 1,500 ಪದ ಮೀರದಿರಲಿ. ಕಳಿಸಿಕೊಡಿ, ಮೊದಲಿನಿಂದ ಓದುತ್ತೇವೆ.

ಸಂಪಾದಕರು