ಓದುಗರ ಪ್ರಶ್ನೆ: ರಾಜೀನಾಮೆ ಕೊಟ್ಟು ಮತ್ತೆ ಮತದಾರರ ಮುಂದೆ

ಪ್ರಶ್ನೆ: ಬ್ರಿಟನ್ನಿನ ಸಂಸದ ಡೇವಿಡ್ ಡೇವಿಸ್ 2008ರಲ್ಲಿ ನಾಗರಿಕ ಸ್ವಾತಂತ್ರ್ಯದ ವಿಷಯವಾಗಿ ರಾಜೀನಾಮೆ ಕೊಟ್ಟು, ಅದೇ ಕ್ಷೇತ್ರದ ಉಪಚುನಾವಣೆಯಲ್ಲಿ ಮತ್ತೆ ಗೆದ್ದರೆಂದು ಓದಿದೆ. ಪ್ರಮುಖ ಎದುರಾಳಿಗಳೇ ಇಲ್ಲದ ಆ ಚುನಾವಣೆಯಿಂದ ಏನು ಸಾಧಿಸಿದಂತಾಯಿತು? (ಓದುಗರೊಬ್ಬರು, ಧಾರವಾಡ)

ಉತ್ತರ: ಭಯೋತ್ಪಾದನೆಯ ಶಂಕೆಯ ಮೇಲೆ ಬಂಧಿಸಿದವರನ್ನು ಆರೋಪ ಹೊರಿಸದೆಯೇ 28 ದಿನಗಳವರೆಗೆ ಇರಿಸಿಕೊಳ್ಳಲು ಬ್ರಿಟನ್ನಿನಲ್ಲಿ ಆಗ ಅವಕಾಶವಿತ್ತು. ಪ್ರಧಾನಿ ಗಾರ್ಡನ್ ಬ್ರೌನ್ ಅವರ ಲೇಬರ್ ಸರ್ಕಾರ ಅದನ್ನು 42 ದಿನಗಳಿಗೆ ಏರಿಸಲು ಹೊರಟಿತು. ಜೂನ್ 11ರಂದು ಕೆಳಮನೆಯಲ್ಲಿ ಅದರ ಪರವಾಗಿ 315, ವಿರುದ್ಧವಾಗಿ 306 ಮತಗಳು ಬಿದ್ದವು. ಲೇಬರ್ ಪಕ್ಷದ 36 ಸದಸ್ಯರೇ ತಿರುಗಿಬಿದ್ದಿದ್ದರು. ಉತ್ತರ ಐರ್ಲೆಂಡಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ ಒಂಬತ್ತು ಮತಗಳು ಸರ್ಕಾರದ ಮಾನ ಉಳಿಸಿದವು. ವಿರೋಧಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ಛಾಯಾ ಗೃಹ ಸಚಿವರಾಗಿದ್ದ, ಅಂದರೆ ಗೃಹ ಖಾತೆಯಲ್ಲಿ ಸರ್ಕಾರವನ್ನು ಪ್ರಶ್ನಿಸುವ ಹೊಣೆ ಹೊತ್ತಿದ್ದ ಡೇವಿಸ್ ಮರುದಿನವೇ ರಾಜೀನಾಮೆ ಘೋಷಿಸಿದರು. ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದೆಂಬ, 1215ರ ಮ್ಯಾಗ್ನಾ ಕಾರ್ಟಾದಿಂದ ಬಂದ ತತ್ವವನ್ನು ಅವರು ಮುಂದಿಟ್ಟರು. ಗುರುತಿನ ಚೀಟಿ, ಡಿಎನ್‌ಎ ಸಂಗ್ರಹ, ಬೀದಿಬೀದಿಯ ಕ್ಯಾಮೆರಾಗಳ ಬಗೆಗೂ ಜನರು ತೀರ್ಪು ಕೊಡಲಿ ಎಂದರು.

ಆದರೆ ವಾದಕ್ಕೆ ಪ್ರತಿವಾದಿಯೇ ಬರಲಿಲ್ಲ. ಡೇವಿಸ್ ಅವರ ನಿಲುವನ್ನೇ ಹೊಂದಿದ್ದ ಲಿಬರಲ್ ಡೆಮಾಕ್ರಟರು ಕಣದಿಂದ ದೂರ ಉಳಿದರು; ಮಸೂದೆ ತಂದ ಲೇಬರ್ ಪಕ್ಷವೂ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. ತಾನು ತಂದ ಕಾನೂನನ್ನು ಮತದಾರರ ಎದುರು ಸಮರ್ಥಿಸಿಕೊಳ್ಳಬೇಕಾದ ಪಕ್ಷ ಹೀಗೆ ಹಿಂದೆ ಸರಿದದ್ದು ನನ್ನ ದೃಷ್ಟಿಯಲ್ಲಿ ಹೊಣೆಗೇಡಿತನ. ಜುಲೈ 10ರಂದು ಹಾಲ್ಟೆಂಪ್ರೈಸ್ ಅಂಡ್ ಹೌಡನ್ ಕ್ಷೇತ್ರದ ಮತಪತ್ರದಲ್ಲಿ 26 ಹೆಸರುಗಳಿದ್ದವು. ಡೇವಿಸ್ ಸುಮಾರು ಶೇ. 72ರಷ್ಟು, ಅಂದರೆ 17,113 ಮತ ಪಡೆದರು. ಆದರೆ ಮತದಾನವಾದದ್ದು ಶೇ. 34ರಷ್ಟು ಮಾತ್ರ. ಆದ್ದರಿಂದ ಅದನ್ನು 42 ದಿನಗಳ ಪ್ರಸ್ತಾವದ ಮೇಲಿನ ಜನಾಭಿಪ್ರಾಯವೆಂದು ಎಣಿಸುವುದು ಕಷ್ಟ.

ಪ್ರಸ್ತಾವವನ್ನು ನಿಜವಾಗಿ ತಡೆದದ್ದು ಮೇಲ್ಮನೆ. ಭದ್ರತೆಯ ಒಳಹೊರಗನ್ನು ಬಲ್ಲ, ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆಯಾದ ಎಂಐ5ರ ಮಾಜಿ ಮುಖ್ಯಸ್ಥೆ ಎಲಿಜಾ ಮ್ಯಾನಿಂಗ್‌ಹ್ಯಾಮ್ ಬುಲ್ಲರ್ ಅವರೇ ಅಲ್ಲಿ ಅದನ್ನು ವಿರೋಧಿಸಿದರು. ಅಕ್ಟೋಬರ್ 13ರಂದು 309ಕ್ಕೆ 118 ಮತಗಳಿಂದ ಅದು ಬಿದ್ದುಹೋಯಿತು, ಸರ್ಕಾರ ಅದನ್ನು ಕೈಬಿಟ್ಟಿತು. 2011ರಲ್ಲಿ ಮಿತಿ 14 ದಿನಗಳಿಗೆ ಇಳಿಯಿತು. ಈ ಫಲವನ್ನೆಲ್ಲ ಉಪಚುನಾವಣೆಯ ಲೆಕ್ಕಕ್ಕೆ ಬರೆಯಲಾಗದು. ಹಾಗೆಂದು ಡೇವಿಸ್ ಅವರ ನಡೆಯನ್ನು ಬರಿಯ ಪ್ರದರ್ಶನವೆಂದು ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ಮುಂದಿನ ಸರ್ಕಾರದಲ್ಲಿ ಗೃಹ ಸಚಿವರಾಗಬಹುದಾಗಿದ್ದ ವ್ಯಕ್ತಿ, ಪೊಲೀಸರಿಗೆ ಹೆಚ್ಚಿನ ಅಧಿಕಾರ ಬೇಡವೆನ್ನಲು ಆ ಅವಕಾಶವನ್ನೇ ಪಣಕ್ಕಿಟ್ಟರು. ಗೆದ್ದ ಮೇಲೂ ಛಾಯಾ ಸಂಪುಟಕ್ಕೆ ಮರಳಲಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂತಹ ಉದಾಹರಣೆ ಇದೆಯೇ? (ಅದೇ ಓದುಗರು)

ಉತ್ತರ: ಹತ್ತಿರದ್ದೊಂದು ಇದೆ. ತುರ್ತು ಪರಿಸ್ಥಿತಿಯಲ್ಲಿ ಲೋಕಸಭೆಯ ಅವಧಿಯನ್ನು ಐದು ವರ್ಷಗಳಾಚೆಗೆ ವಿಸ್ತರಿಸಿದ್ದನ್ನು ಪ್ರತಿಭಟಿಸಿ ಮಧು ಲಿಮಯೆ ಮತ್ತು ಶರದ್ ಯಾದವ್ 1976ರಲ್ಲಿ ಸೆರೆಮನೆಯಿಂದಲೇ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಅವರು ಮತ್ತೆ ಮತದಾರರ ಮುಂದೆ ಹೋಗಲು 1977ರ ಸಾರ್ವತ್ರಿಕ ಚುನಾವಣೆಯವರೆಗೆ ಕಾಯಬೇಕಾಯಿತು. ಆಗ ಲಿಮಯೆ ಬಾಂಕಾದಿಂದಲೂ ಯಾದವ್ ಜಬಲ್‌ಪುರದಿಂದಲೂ ಗೆದ್ದು ಬಂದರು.