ಹರಾಜಿಗೆ ಕೊಡುವ ಬೆಂಚಿಗೆ ಯಾವ ಮರ?

ನಮಸ್ಕಾರ. ವೃದ್ಧಾಶ್ರಮದ ಸಹಾಯಾರ್ಥ ಹರಾಜಿಗೆ ಕೈಯಾರೆ ಬೆಂಚು ಮಾಡಿಕೊಡಬೇಕು, ಮಂಡ್ಯದಲ್ಲಿ ಕಡಿಮೆ ಖರ್ಚಿಗೆ ಯಾವ ಮರ ತರಲಿ, ಹೊರಗಿಟ್ಟರೆ ಬಾಳಿಕೆ ಬರುತ್ತಾ ಅಂತ ಕೇಳಿದ್ದೀರಿ. ತುಂಬಾ ಒಳ್ಳೆ ಕೆಲಸ, ಖಂಡಿತ ಮಾಡಿ.

ಹಳೆ ತೇಗ ಹುಡುಕಿ. ಹೊಸದು ದುಬಾರಿ. ಹಳೆ ಮನೆ ಕೆಡವಿದಾಗ ತೊಲೆ, ಬಾಗಿಲ ಚೌಕಟ್ಟು ಮಾರಾಟಕ್ಕೆ ಬರುತ್ತವೆ, ಅಲ್ವಾ? ಆ ಮರ ಚೆನ್ನಾಗಿ ಒಣಗಿರುತ್ತದೆ, ಬಾಗುವುದು ಕಡಿಮೆ. ಗೆದ್ದಲು ತಿಂದಿದೆಯಾ ನೋಡಿ. ಗರಗಸ ಹಾಕುವ ಮುಂಚೆ ಮುರಿದು ಉಳಿದ ಮೊಳೆಗಳನ್ನೆಲ್ಲ ಕಿತ್ತುಬಿಡಿ. ರಬ್ಬರ್ ಮರ ಅಗ್ಗ ಅಂತ ತರಬೇಡಿ, ಮಳೆಗೆ ನಿಲ್ಲುವುದಿಲ್ಲ.

ಇಬ್ಬರಿಗೆ 4 ಅಡಿ ಉದ್ದ ಸಾಕು. ಕೂರುವ ಎತ್ತರ 18 ಇಂಚು, ಅಗಲ 16 ಇಂಚು. ವಯಸ್ಸಾದವರು ಕೂರುವ ಬೆಂಚಾದರೆ ಎರಡೂ ಬದಿ ಕೈಹಿಡಿ ಇರಲೇಬೇಕು. ಮಂಡಿ ನೋವಿರುವವರು ಅದನ್ನು ಊರಿಕೊಂಡೇ ಏಳುವುದು. ಇದನ್ನು ಮಾತ್ರ ಬಿಡಬೇಡಿ. ಪಟ್ಟಿಗಳ ನಡುವೆ ಕಾಲಿಂಚು ಸಂದು ಬಿಟ್ಟರೆ ನೀರು ನಿಲ್ಲುವುದಿಲ್ಲ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಹೊರಗಿಡುವುದಕ್ಕೆ ಹೊಳೆಯುವ ಪಾಲಿಶ್‌ಗಿಂತ ಅಗಸೆ ಎಣ್ಣೆ ಮೇಲು. ಪಾಲಿಶ್ ಬಿಸಿಲಿಗೆ ಸಿಪ್ಪೆ ಏಳುತ್ತದೆ, ಎಣ್ಣೆಯನ್ನು ಆಗಾಗ ಮತ್ತೆ ಬಳಿದರಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಒಳಗೆ, ಜಗಲಿಯಲ್ಲಿ ಇಡುವುದಾದರೆ ಒರಗುವ ಹಲಗೆಗೆ ಮೈಸೂರಿನ ಇನ್‌ಲೇ (ಮರದಲ್ಲಿ ಬೇರೆ ಬಣ್ಣದ ಚೂರು ಕೂರಿಸುವ) ಕೆಲಸದವರಿಂದ ಒಂದು ಸಣ್ಣ ಚಿತ್ತಾರ ಕೂರಿಸಿ. ಹರಾಜಿನಲ್ಲಿ ಜನ ಅದನ್ನು ನೋಡಿಯೇ ಬೆಲೆ ಏರಿಸಬಹುದು.