ಎಲ್ಲರ ಗುಡ್ಡೆಯಲ್ಲೂ ನೂರೈದು

ಸುಳ್ಯದ ಜಾಲ್ಸೂರಿನಿಂದ ಗಡಿ ದಾಟಿ ಕಾಸರಗೋಡಿನ ಮುಳ್ಳೇರಿಯ, ಚೆರ್ಕಳದ ಕಡೆ ಬರುವಾಗ ರಬ್ಬರ್ ಮರಗಳೆಲ್ಲ ಅಚ್ಚು ಹೊಡೆದ ಹಾಗೆ ಒಂದೇ ತರ ಯಾಕೆ ಅಂತ ಕೇಳಿದಿರಲ್ಲ. ಮಾರಾಯ್ರೆ, ಅವು ಹೆಚ್ಚುಕಡಿಮೆ ಒಂದೇ ಮರ. ನಾವು ನೂರೈದು ಅನ್ನುತ್ತೇವೆ, ಪೂರ್ತಿ ಹೆಸರು ಆರ್‌ಆರ್‌ಐಐ 105. ಕೋಟ್ಟಯಂನ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆ (ಆರ್‌ಆರ್‌ಐಐ) 1980ರಲ್ಲಿ ಬಿಡುಗಡೆ ಮಾಡಿದ ತಳಿ. ಬೀಜದಿಂದ ಎದ್ದ ಗಿಡಕ್ಕೆ ಇದರ ಕಣ್ಣು, ಅಂದರೆ ಮೊಗ್ಗು, ಕಸಿ ಕಟ್ಟುತ್ತಾರೆ. ಹಾಗಾಗಿ ಬೇರು ಒಂದೊಂದರದ್ದು ಒಂದೊಂದು ತರ, ಕಸಿಯಿಂದ ಮೇಲಿನದ್ದು ಇಡೀ ಗುಡ್ಡೆಗೆ ಒಂದೇ.

ಹಾಲು ಚೆನ್ನಾಗಿ ಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 1990ರ ದಶಕದ ಕೊನೆಯಲ್ಲಿ ದಕ್ಷಿಣ ಕನ್ನಡದಲ್ಲೂ ಉತ್ತರ ಕೇರಳದಲ್ಲೂ ಕೊರಿನೆಸ್ಪೋರ ಶಿಲೀಂಧ್ರ ಬಂದಾಗ ಹೆಚ್ಚು ಪೆಟ್ಟು ತಿಂದದ್ದೂ ಇದೇ. ಚಳಿಗಾಲದಲ್ಲಿ ಎಲೆ ಉದುರಿ ಮತ್ತೆ ಚಿಗುರುವ ಹೊತ್ತಿಗೆ ರೋಗ ಹಿಡಿಯುತ್ತದೆ. ಎಲೆ ತಿರುಗಿಸಿ ನೋಡಿದರೆ ನರ ಮಾತ್ರ ಕಂದಾಗಿ, ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ಆಮೇಲೆ ಹಳದಿಯಾಗಿ ಉದುರುತ್ತದೆ. ಮತ್ತೆ ಚಿಗುರಿದರೆ ಅದೂ ಉದುರುತ್ತದೆ. ಪಕ್ಕದಲ್ಲಿ ಜಿಟಿ 1 ಎಂಬ ಹಳೆಯ ತಳಿ ಇದ್ದವರಿಗೆ ಅಷ್ಟು ತೊಂದರೆ ಆಗಲಿಲ್ಲ. ಶ್ರೀಲಂಕಾದಲ್ಲಿ 1980ರ ದಶಕದಲ್ಲೇ ಆರ್‌ಆರ್‌ಐಸಿ 103 ಎಂಬ ತಳಿ ಇದೇ ರೋಗಕ್ಕೆ ಸಿಕ್ಕಿ, ತೋಟಗಳನ್ನೇ ಕಿತ್ತು ಹಾಕಬೇಕಾಗಿತ್ತು. ಆ ಪಾಠ ನಮ್ಮ ಊರಿಗೆ ಮುಟ್ಟಲಿಲ್ಲ.

ಇದನ್ನೆಲ್ಲ ನೋಡಿಕೊಳ್ಳಲು ಕಾನೂನು ಇಲ್ಲವಾ? ಇದೆ. 1947ರ ರಬ್ಬರ್ ಕಾಯಿದೆ ಇದೆ, ರಬ್ಬರ್ ಬೋರ್ಡ್ ಇದೆ. ಬೋರ್ಡ್ ತಳಿಗಳನ್ನು ಮೂರು ವರ್ಗ ಮಾಡಿ, ಇನ್ನೂ ಪರೀಕ್ಷೆಯಲ್ಲಿರುವಂಥವನ್ನು ತೋಟದ ಸ್ವಲ್ಪ ಜಾಗಕ್ಕೆ ಮಾತ್ರ ಹಾಕಿ, ಒಂದೇ ತಳಿಯನ್ನು ನಂಬಬೇಡಿ ಅನ್ನುತ್ತದೆ. ಆದರೆ ಅದು ಬರೀ ಸಲಹೆ. ದೊಡ್ಡ ಎಸ್ಟೇಟಿನವರು ಬ್ಲಾಕ್ ಬ್ಲಾಕ್ ಮಾಡಿ ಬೇರೆ ಬೇರೆ ತಳಿ ಹಾಕಬಹುದು. ಎರಡು ಎಕರೆಯವನು ಏನು ಮಾಡಬೇಕು? ಅವನಿಗೆ ಗೊತ್ತಿರುವುದು ನೂರೈದರ ಹಾಲಿನ ಲೆಕ್ಕ, ತೊಗಟೆ ಕೊಯ್ದು ಹಾಲು ತೆಗೆಯುವ ಟ್ಯಾಪರ್‌ಗೂ ಅದೇ ಕೈಹಿಡಿತ. ನರ್ಸರಿಯವರೂ ಮಾರಾಟವಾಗುವುದನ್ನೇ ಬೆಳೆಸುತ್ತಾರೆ. ನಾನೊಬ್ಬ ಬೇರೆ ತಳಿ ಹಾಕಿದರೂ ಸುತ್ತ ಮೂರು ಗುಡ್ಡೆಯಲ್ಲಿ ನೂರೈದೇ ಇದ್ದರೆ ರೋಗದ ಬೀಜಾಣು ಗಾಳಿಯಲ್ಲಿ ಬರುವುದು ನಿಲ್ಲುವುದಿಲ್ಲ. ಎಲ್ಲರದ್ದೂ ಸೇರಿ ಏನಾಗುತ್ತಿದೆ ಅಂತ ಲೆಕ್ಕ ಇಡುವ ನಿಯಮ ಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹೊಸ ತಳಿ ಬಂದಿದೆಯಲ್ಲ ಅನ್ನಬಹುದು. 2005ರಲ್ಲಿ ಬಂದ ಆರ್‌ಆರ್‌ಐಐ 414, 430 ಎರಡಕ್ಕೂ ತಾಯಿ ನೂರೈದೇ, ತಂದೆ ಶ್ರೀಲಂಕಾದ ಆರ್‌ಆರ್‌ಐಸಿ 100. ಒಡಹುಟ್ಟಿದವು! ಇನ್ನೂ ಹಿಂದೆ ಹೋದರೆ, 1876ರಲ್ಲಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷ್ ಮನುಷ್ಯ ಬ್ರೆಜಿಲ್‌ನಿಂದ ಒಯ್ದ ಸುಮಾರು 70,000 ಬೀಜಗಳಲ್ಲಿ ಲಂಡನ್ನಿನ ಕ್ಯೂ ತೋಟದಲ್ಲಿ ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಏಷ್ಯಾದ ರಬ್ಬರ್ ತೋಟಗಳು ಬಹುಪಾಲು ಅವುಗಳ ಸಂತಾನ. 1981ರಲ್ಲಿ ರಬ್ಬರ್ ಸಂಶೋಧಕರು ಅಮೆಜಾನಿಗೆ ಮತ್ತೆ ಹೋಗಿ ಕಾಡು ತಳಿ ತಂದರು, ಆದರೆ ಅದು ನಮ್ಮ ಗುಡ್ಡೆ ಮುಟ್ಟಿಲ್ಲ.

ನಮ್ಮ ನೆರೆಯವರು ಹಳೆ ಮರ ಕಡಿಸಿ, ಈ ಸಲ 430 ಅಂತ ಹೇಳಿ ಪ್ಲಾಸ್ಟಿಕ್ ಕಪ್ಪಿನಲ್ಲಿ ಬೆಳೆಸಿದ ಸಸಿ ತಂದಿದ್ದಾರೆ. ಮೊಣಕಾಲೆತ್ತರದ ಸಸಿ ನೋಡಿ ತಳಿ ಹೇಳುವುದು ನಮ್ಮಂಥವರಿಗೆ ಆಗದ ಕೆಲಸ. ನರ್ಸರಿಯವರ ಮಾತೇ ಗತಿ. ಸರಿಯಾಗಿ ಗೊತ್ತಾಗಲು ಟ್ಯಾಪಿಂಗ್ ಶುರುವಾಗಬೇಕು, ಅದಕ್ಕೆ ಏಳು ವರ್ಷ ಇದೆ.